ಆ ಒಂದು 'ಎಚ್' ಅಕ್ಷರದಿಂದಲೇ ಶುರು ಮಾಡಿ

ನಮಸ್ಕಾರ,

'ಡಬ್ಲ್ಯುಎಜಿ-9 ಎಂಜಿನ್: ಬೆಳವಣಿಗೆ ಮತ್ತು ಮಾದರಿಗಳು' ಎಂಬ, ಗೂಡ್ಸ್ ರೈಲು ಎಳೆಯುವ ವಿದ್ಯುತ್ ಎಂಜಿನ್ ಕುರಿತ ನಿಮ್ಮ ಲೇಖನ ತಲುಪಿತು. ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ತಪ್ಪು ಹೇಳಿಬಿಡುತ್ತೇನೆ. ಮೂರನೇ ಪುಟದಲ್ಲಿ '9ಎಚ್ ಮಾದರಿಯಲ್ಲಿ ಎಚ್ ಎಂದರೆ ಹೆಚ್ಚಿನ ಹಾರ್ಸ್‌ಪವರ್' ಎಂದಿದ್ದೀರಿ. ಅಲ್ಲ, ಆ ಎಚ್ ತೂಕದ್ದು, 'ಹೆವಿ' ಎಂಬುದರ ಎಚ್. ಮೂಲ ಎಂಜಿನ್ 123 ಟನ್, 9ಎಚ್ 132 ಟನ್. ಶಕ್ತಿ ಎರಡರಲ್ಲೂ ಸುಮಾರು 6,000 ಹಾರ್ಸ್‌ಪವರೇ. ಅಂದರೆ ಬೇಕೆಂದೇ 9 ಟನ್ ಭಾರ ಹೇರಿದ್ದಾರೆ. ಯಾವ ಗಾಡಿಯನ್ನಾದರೂ ಹಗುರ ಮಾಡಲು ನೋಡುತ್ತಾರೆ, ಇದನ್ನು ಯಾಕೆ ಭಾರ ಮಾಡಿದರು? ನಿಮ್ಮ ಲೇಖನ ಇರುವುದೇ ಈ ಪ್ರಶ್ನೆಯಲ್ಲಿ.

ಉತ್ತರವನ್ನೂ ನೀವೇ ಬರೆದಿದ್ದೀರಿ, ಐದನೇ ಪುಟದಲ್ಲಿ. ಮಳೆಯಲ್ಲಿ ಏರು ಹತ್ತುತ್ತಿರುವ ಕಲ್ಲಿದ್ದಲು ಗಾಡಿ. ಒದ್ದೆ ಹಳಿಯ ಮೇಲೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಲೋಕೋ ಪೈಲಟ್ ಹಳಿಗೆ ಮರಳು ಬೀಳಿಸುತ್ತಾರೆ, ಗಾಡಿ ಮೆಲ್ಲಗೆ ಕದಲುತ್ತದೆ. ನಾಲ್ಕೇ ಸಾಲು, ಆದರೆ ಓದುವಾಗ ನನ್ನ ಕೈ ಬಿಗಿಯಾಯಿತು. ಉಕ್ಕಿನ ಮೇಲೆ ಉಕ್ಕು ಜಾರುತ್ತದೆ. ಚಕ್ರ ಹಳಿಯನ್ನು ಕಚ್ಚಿ ಹಿಡಿಯದಿದ್ದರೆ ಎಷ್ಟು ಹಾರ್ಸ್‌ಪವರ್ ಇದ್ದೂ ಉಪಯೋಗವಿಲ್ಲ. ಭಾರ ಜಾಸ್ತಿಯಾದರೆ ಹಿಡಿತವೂ ಜಾಸ್ತಿ. 132 ಟನ್ನನ್ನು ಆರು ಅಚ್ಚುಗಳಿಗೆ, ಅಂದರೆ ಜೋಡಿ ಚಕ್ರ ಸೇರಿಸುವ ಆಕ್ಸೆಲ್‌ಗಳಿಗೆ ಹಂಚಿ ನೋಡಿ, ಒಂದೊಂದರ ಮೇಲೂ 22 ಟನ್. ಮೊದಲು 20.5 ಇತ್ತು. ಹಾಗಂತ ಮನಸ್ಸಿಗೆ ಬಂದಷ್ಟು ಹೇರುವಂತಿಲ್ಲ, ಹಳಿ ಮತ್ತು ಸೇತುವೆ ತಡೆಯಬೇಕಲ್ವಾ? ಆ ಮಳೆಯ ದೃಶ್ಯವನ್ನು ಮೊದಲ ಪುಟಕ್ಕೆ ತನ್ನಿ.

ಮೊದಲೆರಡು ಪುಟ ನೀವು ಒಪ್ಪಂದದ ವಿವರಗಳಿಗೇ ಕೊಟ್ಟಿದ್ದೀರಿ. ಎಬಿಬಿ ಕಂಪನಿಯ ವಿನ್ಯಾಸ, 1990ರ ದಶಕದಲ್ಲಿ ಹೊರಗಿನಿಂದ ಬಂದ ಮೊದಲ ಎಂಜಿನ್‌ಗಳು, 1998ರಲ್ಲಿ ನಮ್ಮ ಚಿತ್ತರಂಜನ್ ರೈಲು ಎಂಜಿನ್ ಕಾರ್ಖಾನೆಯಲ್ಲಿ ತಯಾರಾದ ಈ ಮಾದರಿಯ ಮೊದಲ ಎಂಜಿನ್ 'ನವಯುಗ್', ಇಷ್ಟು ಒಂದು ಪ್ಯಾರಾದಲ್ಲಿ ಮುಗಿಯಲಿ. ಉಳಿದ ಜಾಗವನ್ನು ಮೋಟರಿಗೆ ಕೊಡಿ. ಅದಕ್ಕೆ ಮುಂಚಿನ 5,000 ಹಾರ್ಸ್‌ಪವರಿನ ಡಬ್ಲ್ಯುಎಜಿ-7ರಲ್ಲಿ ಇದ್ದದ್ದು ಡಿಸಿ ಮೋಟರು. ತಿರುಗುವ ಭಾಗಕ್ಕೆ ಕರೆಂಟು ಕೊಡಲು ಕಾರ್ಬನ್ ಬ್ರಷ್ ಅದಕ್ಕೆ ಉಜ್ಜುತ್ತಲೇ ಇರಬೇಕು, ಸವೆದ ಮೇಲೆ ಬದಲಿಸಬೇಕು. 9ರಲ್ಲಿ ತ್ರೀ-ಫೇಸ್ ಮೋಟರು ಬಂತು, ಬ್ರಷ್ಷೇ ಇಲ್ಲ. ಇಳಿಜಾರಿನಲ್ಲಿ ಬ್ರೇಕ್ ಹಾಕಿದರೆ ಅದೇ ಮೋಟರು ಜನರೇಟರಿನಂತೆ ಕೆಲಸ ಮಾಡಿ ಮೇಲಿನ ತಂತಿಗೆ ಕರೆಂಟು ವಾಪಸ್ ಕಳಿಸುತ್ತದೆ. ಇದನ್ನು ನೀವು ಬರೆದದ್ದು ಹೀಗೆ: 'ಸದರಿ ಲೋಕೋಮೋಟಿವ್ ಅತ್ಯಾಧುನಿಕ ಪುನರುತ್ಪಾದಕ ತಂತ್ರಜ್ಞಾನವನ್ನು ಒಳಗೊಂಡಿರುತ್ತದೆ.' ಈ ವಾಕ್ಯದಲ್ಲಿ ಎಂಜಿನ್ ಎಲ್ಲಿದೆ ಹೇಳಿ? ಇಳಿಜಾರು ಎಲ್ಲಿದೆ? ಮಳೆಯ ದೃಶ್ಯ ಬರೆದ ಕೈಯಿಂದ ಇದೂ ಬಂತು ಅಂತ ನನಗೆ ಬೇಸರವಾಯಿತು.

ಇನ್ನೊಂದು ಚಿಕ್ಕ ಮಾತು. 'ಎರಡು ಬೋಗಿಗಳ ಎಂಜಿನ್' ಎಂದು ಬರೆದಿದ್ದೀರಿ. ನಮ್ಮ ಓದುಗರಿಗೆ ಬೋಗಿ ಎಂದರೆ ಜನ ಕೂರುವ ಡಬ್ಬಿ. ನೀವು ಹೇಳುತ್ತಿರುವುದು ಎಂಜಿನ್ ಕೆಳಗೆ ಮೂರು ಅಚ್ಚು, ಆರು ಚಕ್ರ ಹಿಡಿದಿರುವ ಚೌಕಟ್ಟನ್ನು. ಮೊದಲ ಸಲ ಬಿಡಿಸಿ ಹೇಳಿ, ಆಮೇಲೆ ಆ ಪದ ಬಳಸಿ.

ವಿಎಪಿ-7 ಎಂದು ಮೂರು ಕಡೆ ಅಚ್ಚಾಗಿದೆ, ಅದು ಡಬ್ಲ್ಯುಎಪಿ-7. ಅದನ್ನು 'ಬಣ್ಣ ಬದಲಿಸಿದ 9' ಎಂದದ್ದೂ ಸರಿಯಲ್ಲ. ಅದೇ ಮನೆತನದ್ದು ನಿಜ, ಆದರೆ ಗೇರ್ ಅನುಪಾತ ಬೇರೆ. ಎಳೆಯುವ ಬಲವನ್ನು ಸ್ವಲ್ಪ ಬಿಟ್ಟುಕೊಟ್ಟು ವೇಗ ಪಡೆದದ್ದು. ಗೂಡ್ಸ್ ಎಳೆಯುವ 9ರ ಮಿತಿ ಗಂಟೆಗೆ 100 ಕಿಲೋಮೀಟರ್, ಪ್ರಯಾಣಿಕರ ಗಾಡಿ ಎಳೆಯುವ ಡಬ್ಲ್ಯುಎಪಿ-7 ಅನ್ನು ಕಟ್ಟಿದ್ದು 140ಕ್ಕೆ. 9ಎಚ್‌ಎಚ್ ಬಗ್ಗೆ ಒಂದೇ ಸಾಲು ಸಾಕು. ಅಲ್ಲಿ ಮಾತ್ರ ಶಕ್ತಿ ನಿಜವಾಗಿ 9,000 ಹಾರ್ಸ್‌ಪವರಿಗೆ ಏರಿದೆ. ಬಿಹಾರದ ಮಧೇಪುರದಲ್ಲಿ ತಯಾರಾಗುವ 12,000 ಹಾರ್ಸ್‌ಪವರಿನ ಡಬ್ಲ್ಯುಎಜಿ-12 ಬೇರೆಯೇ ವಿನ್ಯಾಸ, ಅದನ್ನು ಈ ಲೇಖನದಿಂದ ತೆಗೆಯಿರಿ.

ಎಂಜಿನ್ ನಂಬರುಗಳ ಆ ದೊಡ್ಡ ಪಟ್ಟಿ ಬೇಡ. ಎಷ್ಟು ವರ್ಷ ಕೂಡಿಸಿದ್ದೀರೋ, ನೋವಾಗುತ್ತದೆ ಅಂತ ಗೊತ್ತು. ನಿಮ್ಮ ಹತ್ತಿರವೇ ಜೋಪಾನವಾಗಿಟ್ಟುಕೊಳ್ಳಿ. ಅದರ ಬದಲು ಆ ಲೋಕೋ ಪೈಲಟ್ ಹತ್ತಿರ ಇನ್ನೊಮ್ಮೆ ಮಾತಾಡಿ. ಚಕ್ರ ಜಾರುವುದು ಮೊದಲು ಅವರಿಗೆ ಹೇಗೆ ಗೊತ್ತಾಗುತ್ತದೆ? ಸದ್ದಿನಿಂದಲೋ, ಮೀಟರಿನಿಂದಲೋ, ಕೂತ ಸೀಟಿನ ಅದುರಿನಿಂದಲೋ? ಅದನ್ನು ಕೇಳಿ ಬರೆದು ಕಳಿಸಿ. ಬಂದ ದಿನವೇ ಓದುತ್ತೇನೆ.