ಓದುಗರ ಪ್ರಶ್ನೆ, ನಮ್ಮ ಉತ್ತರ: ಶುದ್ಧ ತಳಿಯ ಕುದುರೆ ಯಾವ ದೇಶದಲ್ಲಿ ಅಗ್ಗ?

ಪ್ರಶ್ನೆ: ಮಗಳು ಬೆಂಗಳೂರಿನಲ್ಲಿ ಐದು ವರ್ಷಗಳಿಂದ ಕುದುರೆ ಸವಾರಿ ಕಲಿಯುತ್ತಿದ್ದಾಳೆ. ಈಗ ತನ್ನದೇ ಒಂದು ಕುದುರೆ ಬೇಕೆಂದು ಪಟ್ಟು ಹಿಡಿದಿದ್ದಾಳೆ. ಇಂಗ್ಲೆಂಡ್, ಜರ್ಮನಿ, ಆಸ್ಟ್ರೇಲಿಯಾಗಳ ಬೆಲೆಗಳನ್ನೆಲ್ಲ ರೂಪಾಯಿಗೆ ಪರಿವರ್ತಿಸಿ ಒಂದು ಹಾಳೆಯಲ್ಲಿ ಬರೆದುಕೊಂಡೆ, ಆದರೆ ತಲೆಬುಡ ತಿಳಿಯಲಿಲ್ಲ. ಶುದ್ಧ ತಳಿಯ ಕುದುರೆ ಯಾವ ದೇಶದಲ್ಲಿ ಅಗ್ಗವೆಂದು ತಿಳಿಸುವಿರಾ?
– ಕಾಫಿ ಬೆಳೆಗಾರರೊಬ್ಬರು, ಚಿಕ್ಕಮಗಳೂರು

ಉತ್ತರ: ನಿಮ್ಮ ಹಾಳೆಯಲ್ಲಿ ಲೆಕ್ಕ ತಪ್ಪಿಲ್ಲ, ಆದರೆ ಅದರ ಮೂರು ಕಾಲಂಗಳಲ್ಲಿ ಇರುವುದು ಮೂರು ಬೇರೆ ಬೇರೆ ಸರಕುಗಳ ಬೆಲೆ. ಚೆರ್ರಿ ಕಾಫಿಯ ಬೆಲೆಯನ್ನು ಹುರಿದು ಪುಡಿ ಮಾಡಿದ ಕಾಫಿಯ ಬೆಲೆಯ ಪಕ್ಕದಲ್ಲಿ ಬರೆದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಮೊದಲು ಇಂಗ್ಲೆಂಡನ್ನು ತೆಗೆದುಕೊಳ್ಳೋಣ. 1766ರಲ್ಲಿ ಆರಂಭವಾದ, ಓಟದ ಕುದುರೆಗಳನ್ನು ಹರಾಜು ಹಾಕುವ ಟ್ಯಾಟರ್ಸಾಲ್ಸ್ ಸಂಸ್ಥೆ ನ್ಯೂಮಾರ್ಕೆಟ್‌ನಲ್ಲಿ ನಡೆಸುವ ಹರಾಜಿನಲ್ಲಿ ಇಂದಿಗೂ ಕೂಗುವುದು ಗಿನಿಗಳಲ್ಲಿ. ಎರಡು ಶತಮಾನಗಳ ಹಿಂದೆಯೇ ಟಂಕಿಸುವುದು ನಿಂತುಹೋದ ಈ ನಾಣ್ಯದ ಬೆಲೆ 21 ಶಿಲಿಂಗ್, ಅಂದರೆ ಈಗಿನ ಲೆಕ್ಕದಲ್ಲಿ 1.05 ಪೌಂಡ್. ಒಂದು ಲಕ್ಷಕ್ಕೆ ಸುತ್ತಿಗೆ ಬಿದ್ದರೆ ಕೊಂಡವರು ತೆರಬೇಕಾದದ್ದು 1,05,000 ಪೌಂಡ್. ಮೇಲಿನ ಐದು ಸಾವಿರ ಹಿಂದಿನಿಂದಲೂ ಹರಾಜುದಾರರ ದಲ್ಲಾಳಿ ಎಂದೇ ರೂಢಿ. ತೆರಿಗೆ ಇದ್ದರೆ ಅದು ಬೇರೆ. ನೀವು ಗಿನಿಯನ್ನು ಪೌಂಡ್ ಎಂದೇ ತಿಳಿದು ಗುಣಿಸಿದ್ದರೆ ಅಲ್ಲಿಯೇ ಶೇ. 5ರಷ್ಟು ಕಡಿಮೆ ಬಂದಿರುತ್ತದೆ. ಜರ್ಮನಿಯಲ್ಲಿ ಕುದುರೆಗೆ ಶೇ. 19ರ ಮೌಲ್ಯವರ್ಧಿತ ತೆರಿಗೆಯಿದೆ, ಪಟ್ಟಿಯಲ್ಲಿ ಕಾಣುವ ಬೆಲೆ ಅದನ್ನು ಒಳಗೊಂಡಿದೆಯೋ ಇಲ್ಲವೋ ಎಂಬುದನ್ನು ಕೇಳಿಯೇ ತಿಳಿಯಬೇಕು.

ಆಸ್ಟ್ರೇಲಿಯಾದ ತೊಡಕು ವಯಸ್ಸಿನದು. ಭಾರತವೂ ಸೇರಿದಂತೆ ಉತ್ತರಾರ್ಧ ಗೋಳದಲ್ಲಿ ಓಟದ ಕುದುರೆಗಳೆಲ್ಲಕ್ಕೂ ಜನವರಿ 1ರಂದು ಒಂದು ವರ್ಷ ತುಂಬಿತೆಂದು ಲೆಕ್ಕ, ಹುಟ್ಟಿದ್ದು ಯಾವ ತಿಂಗಳಾದರೂ ಸರಿ. ಆಸ್ಟ್ರೇಲಿಯಾದಲ್ಲಿ ಆ ದಿನ ಆಗಸ್ಟ್ 1, ಏಕೆಂದರೆ ಅಲ್ಲಿನ ವಸಂತ ನಮ್ಮ ಆಶ್ವಯುಜದ ಹೊತ್ತಿಗೆ ಬರುತ್ತದೆ, ಮರಿಗಳು ಹುಟ್ಟುವುದೂ ಆಗಲೇ. ಹೀಗಾಗಿ ಕಾಗದದ ಮೇಲೆ ಒಂದೇ ವಯಸ್ಸಿನ ಇಂಗ್ಲಿಷ್ ಮರಿಗೂ ಆಸ್ಟ್ರೇಲಿಯಾದ ಮರಿಗೂ ಬೆಳವಣಿಗೆಯಲ್ಲಿ ಅರ್ಧ ವರ್ಷದ ಅಂತರವಿರಬಹುದು. ಎರಡು ವರ್ಷದ ಕುದುರೆಗೆ ಅರ್ಧ ವರ್ಷವೆಂದರೆ ಸಣ್ಣ ಮಾತಲ್ಲ.

ಇವೆಲ್ಲಕ್ಕಿಂತ ಮುಖ್ಯವಾದದ್ದು, ಆ ಬೆಲೆಗೆ ಏನು ಸಿಗುತ್ತದೆ ಎಂಬ ಪ್ರಶ್ನೆ. ನ್ಯೂಮಾರ್ಕೆಟ್‌ನ ಅಕ್ಟೋಬರ್ ಹರಾಜಿನಲ್ಲಿ ಮಾರಾಟವಾಗುವುದು ಬೆನ್ನ ಮೇಲೆ ಜೀನು ಕಾಣದ, ಒಂದೂವರೆ ವರ್ಷದ ಥರೋಬ್ರೆಡ್ (ಓಟಕ್ಕೆಂದೇ ಬೆಳೆಸಿದ ತಳಿ) ಮರಿಗಳು. ಕೈಯಲ್ಲಿ ಹಗ್ಗ ಹಿಡಿದ ಆಳು ಮರಿಯನ್ನು ವೃತ್ತಾಕಾರದ ಅಂಗಳದಲ್ಲಿ ನಡೆಸುತ್ತಾನೆ, ಅದು ನಡೆಯುತ್ತದೆ, ಅಷ್ಟೆ. ಸುತ್ತ ಕೂತವರ ಕಣ್ಣು ಅರ್ಧ ಮರಿಯ ಮೇಲೆ, ಅರ್ಧ ಮಡಿಲಲ್ಲಿರುವ ಕ್ಯಾಟಲಾಗಿನ ಮೇಲೆ. ಆ ಪುಟದಲ್ಲಿ ತಾಯಿಯ ಕಡೆಯ ಮೂರು ನಾಲ್ಕು ತಲೆಮಾರಿನ ಹೆಸರುಗಳಿರುತ್ತವೆ; ದೊಡ್ಡ ಓಟ ಗೆದ್ದ ಕುದುರೆಯ ಹೆಸರು ದಪ್ಪ ಕಪ್ಪು ದೊಡ್ಡಕ್ಷರದಲ್ಲಿ, ಅಂಥ ಓಟದಲ್ಲಿ ಎರಡನೆಯದೋ ಮೂರನೆಯದೋ ಆದದ್ದು ದಪ್ಪ ಸಣ್ಣಕ್ಷರದಲ್ಲಿ, ಉಳಿದವೆಲ್ಲ ತೆಳು ಅಚ್ಚಿನಲ್ಲಿ. ಪುಟದಲ್ಲಿ ಮಸಿ ಹೆಚ್ಚಿದಷ್ಟೂ ಬೆಲೆ ಹೆಚ್ಚು. ಜರ್ಮನಿಯ ವೆರ್ಡನ್ ಪಟ್ಟಣದಲ್ಲಿ 1949ರಿಂದ ನಡೆಯುತ್ತಿರುವ ಹ್ಯಾನೊವೇರಿಯನ್ ತಳಿಯ ಹರಾಜಿನಲ್ಲಿ ಮರಿಗಳ ಜೊತೆಗೆ ಸವಾರಿಗೆ ಪಳಗಿದ ಕುದುರೆಗಳೂ ಬರುತ್ತವೆ, ಕೊಳ್ಳುವವರು ಮೊದಲೇ ಹೋಗಿ ಹತ್ತಿ ನೋಡಬಹುದು. ಅಲ್ಲಿ ನೀವು ಕೊಡುವ ಹಣದಲ್ಲಿ ಎರಡು ಮೂರು ವರ್ಷದ ತರಬೇತಿಯ ಕೂಲಿಯೂ ಸೇರಿದೆ. ಮಗಳಿಗೆ ಬೇಕಿರುವುದು ಎರಡನೆಯ ಬಗೆಯದು, ಮೊದಲನೆಯದು ಎಷ್ಟೇ ಅಗ್ಗವಾಗಿ ಸಿಕ್ಕಿದರೂ ಅವಳಿಗೆ ಉಪಯೋಗವಿಲ್ಲ.

ಇನ್ನು ಕೊಂಡ ಮೇಲಿನ ಖರ್ಚು. ವಿಮಾನದಲ್ಲಿ ಕುದುರೆಗೆ ಪ್ರತ್ಯೇಕ ಕಟಕಟೆ, ಜೊತೆಗೊಬ್ಬ ಪಳಗಿದ ಸೈಸ್, ಅಲ್ಲಿಯೂ ಇಲ್ಲಿಯೂ ಕ್ವಾರಂಟೈನ್, ರಕ್ತಪರೀಕ್ಷೆ, ವಿಮೆ, ಆಮದು ಸುಂಕ. ಕೋಟಿಯ ಕುದುರೆಗೂ ಐದು ಲಕ್ಷದ ಕುದುರೆಗೂ ವಿಮಾನದ ಬಾಡಿಗೆ ಒಂದೇ ಆದ್ದರಿಂದ, ಅಗ್ಗದ ಕುದುರೆಯನ್ನು ದೂರದಿಂದ ತರಿಸುವುದು ಎಂದಿಗೂ ಗಿಟ್ಟುವುದಿಲ್ಲ. ಬಂದ ಮೇಲೆ ಲಾಯದ ಬಾಡಿಗೆ, ಮೇವು, ಐದಾರು ವಾರಕ್ಕೊಮ್ಮೆ ಲಾಳ, ವೈದ್ಯರು. ನಾಲ್ಕೈದು ವರ್ಷ ಸಾಕಿದರೆ ಈ ಖರ್ಚು ಕುದುರೆಯ ಬೆಲೆಯನ್ನೂ ಮೀರಬಹುದು.

ಆದ್ದರಿಂದ ಯಾವ ದೇಶದಲ್ಲಿ ಕೊಳ್ಳುವುದೆಂದು ಕೇಳುವ ಮೊದಲು, ಕುದುರೆ ಯಾವ ದೇಶದಲ್ಲಿ ಇರುತ್ತದೆಂದು ನಿರ್ಧರಿಸಿ. ಬೆಂಗಳೂರಿನಲ್ಲೇ ಇರುವುದಾದರೆ ಓಟದಿಂದ ನಿವೃತ್ತವಾದ ಭಾರತೀಯ ಥರೋಬ್ರೆಡ್ಡನ್ನು ಮೊದಲು ನೋಡಿ. ಅದೂ ಶುದ್ಧ ತಳಿಯೇ, ಅದರ ವಂಶಾವಳಿಯೂ ಸ್ಟಡ್ ಬುಕ್‌ನಲ್ಲಿ ದಾಖಲಾಗಿರುತ್ತದೆ, ಬೆಲೆ ಮಾತ್ರ ವಿದೇಶದ್ದಕ್ಕೆ ಹೋಲಿಸಿದರೆ ಏನೇನೂ ಅಲ್ಲ. ನಮ್ಮ ಸವಾರಿ ಶಾಲೆಗಳಲ್ಲಿರುವ ಕುದುರೆಗಳಲ್ಲಿ ಬಹಳಷ್ಟು ಇಂಥವೇ. ಓಟದ ಅಭ್ಯಾಸ ಬಿಡಿಸಿ ಹೊಸದಾಗಿ ಪಳಗಿಸಲು ತಾಳ್ಮೆ ಬೇಕು, ಕಾಲಿನ ಕೀಲುಗಳ ಎಕ್ಸ್‌ರೇ ತೆಗೆಸದೆ ಮುಂಗಡ ಕೊಡಬಾರದು. ಮಗಳು ಅಂತರರಾಷ್ಟ್ರೀಯ ಸ್ಪರ್ಧೆಯ ಮಟ್ಟಕ್ಕೆ ಏರಿದ ಮೇಲೆ ಮಾತು ಬೇರೆ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಡ್ರೆಸ್ಸಾಜ್ (ಸವಾರನ ಸೂಚನೆಯಂತೆ ಕುದುರೆ ನಾಜೂಕಿನ ನಡಿಗೆಗಳನ್ನು ತೋರಿಸುವ ಸ್ಪರ್ಧೆ) ತಂಡದ ಚಿನ್ನ ಗೆದ್ದ ನಮ್ಮ ಸವಾರರು ಯೂರೋಪಿನಲ್ಲೇ ಇದ್ದು, ಅಲ್ಲಿಯೇ ಸಾಕಿದ ಕುದುರೆಗಳ ಮೇಲೆ ಅಭ್ಯಾಸ ಮಾಡಿದವರು. ರೋಗನಿಯಂತ್ರಣದ ನಿಯಮಗಳಿಂದಾಗಿ ಭಾರತದ ಕುದುರೆಯನ್ನು ಹೊರದೇಶದ ಸ್ಪರ್ಧೆಗೆ ಕೊಂಡೊಯ್ಯುವುದು ಬಹುಕಾಲ ಅಸಾಧ್ಯವೆನ್ನುವಷ್ಟು ಕಷ್ಟವಿತ್ತು. 2025ರಲ್ಲಿ ಮೀರತ್‌ನ ಸೇನಾ ಕೇಂದ್ರಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯಿಂದ ರೋಗಮುಕ್ತ ವಲಯದ ಮಾನ್ಯತೆ ಸಿಕ್ಕಿರುವುದರಿಂದ ಈ ಬಾಗಿಲು ಈಗಷ್ಟೇ ತೆರೆಯುತ್ತಿದೆ.

ಪ್ರಶ್ನೆ: ಸ್ಟಡ್ ಫಾರಂ ಇರುವ ಊರಿನಲ್ಲಿ ಬೆಳೆದವನು ನಾನು. ಓಟದ ಕುದುರೆಯ ಮರಿಗೆ ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಕೋಟಿಗಟ್ಟಲೆ ಕೊಡುತ್ತಾರೆ. ಒಲಿಂಪಿಕ್ಸ್‌ನಲ್ಲಿ ಜಿಗಿಯುವ ಜರ್ಮನಿ, ಹಾಲೆಂಡ್‌ಗಳ ತಳಿಯ ಮರಿಗಳು ಕೆಲವು ಸಾವಿರ ಯೂರೋಗೆ ಸಿಗುತ್ತವೆ. ಇಷ್ಟು ಅಂತರ ಏಕೆ? ದುಬಾರಿಯಾದದ್ದು ಗೆದ್ದೇ ಗೆಲ್ಲುತ್ತದೆಯೇ?
– ಓದುಗರೊಬ್ಬರು, ಕುಣಿಗಲ್

ಉತ್ತರ: ಅಂತರಕ್ಕೆ ಕಾರಣ ದೇಶವಲ್ಲ, ಒಂದು ನಿಯಮ. ಥರೋಬ್ರೆಡ್ ಮರಿ ಸ್ಟಡ್ ಬುಕ್‌ಗೆ ಸೇರಬೇಕಾದರೆ ಅದು ಗಂಡು ಹೆಣ್ಣು ಕುದುರೆಗಳ ನೇರ ಕೂಡುವಿಕೆಯಿಂದಲೇ ಹುಟ್ಟಿರಬೇಕು. ಕೃತಕ ಗರ್ಭಧಾರಣೆಗೂ ಭ್ರೂಣ ವರ್ಗಾವಣೆಗೂ ಅವಕಾಶವಿಲ್ಲ, ಈ ನಿಯಮ ಎಲ್ಲ ದೇಶಗಳಿಗೂ ಒಂದೇ. ಒಂದು ಬೀಜದ ಕುದುರೆ ಒಂದು ಋತುವಿನಲ್ಲಿ ಸೇರಬಹುದಾದ ಹೆಣ್ಣುಕುದುರೆಗಳಿಗೆ ಮಿತಿಯಿದೆ, ಹೆಣ್ಣನ್ನು ಅದು ಇರುವಲ್ಲಿಗೇ ಕರೆದೊಯ್ಯಬೇಕು. ಹದಿನಾಲ್ಕು ಓಟಗಳಲ್ಲಿ ಒಂದನ್ನೂ ಸೋಲದ ಫ್ರಾಂಕೆಲ್ ಎಂಬ ಗಂಡುಕುದುರೆಯ ಒಂದು ಕೂಡುವಿಕೆಯ ಸೇವೆಗೆ 2024ರಲ್ಲಿ ನಿಗದಿಯಾಗಿದ್ದ ಶುಲ್ಕ 3,50,000 ಪೌಂಡ್. ಮರಿ ನೆಲಕ್ಕೆ ಬೀಳುವ ಮೊದಲೇ ಅಷ್ಟು ಸಾಲ ಅದರ ತಲೆಯ ಮೇಲಿರುತ್ತದೆ.

ಜರ್ಮನಿ, ಹಾಲೆಂಡ್‌ಗಳ ಸವಾರಿ ತಳಿಗಳಲ್ಲಿ ಶೈತ್ಯೀಕರಿಸಿದ ವೀರ್ಯವನ್ನು ನಮ್ಮ ಹಸುಗಳಿಗೆ ಕೊಡಿಸುವಂತೆಯೇ ಎಲ್ಲಿಂದ ಎಲ್ಲಿಗೆ ಬೇಕಾದರೂ ಕಳುಹಿಸಬಹುದು. ಹೆಸರಾಂತ ಗಂಡಿನ ಸಂತಾನವೂ ಒಂದೆರಡು ಸಾವಿರ ಯೂರೋ ಆಸುಪಾಸಿನ ಶುಲ್ಕಕ್ಕೆ ದೊರೆಯುವುದರಿಂದ ಮರಿ ಅಗ್ಗ. ಬೆಲೆ ಏರುವುದು ಕುದುರೆ ಎಂಟು ಹತ್ತು ವರ್ಷದ್ದಾಗಿ ಅಂಗಳದಲ್ಲಿ ತನ್ನನ್ನು ತೋರಿಸಿಕೊಂಡ ಮೇಲೆ. ಡಚ್ ತಳಿಯ ಟೋಟಿಲಾಸ್ 2010ರ ವಿಶ್ವ ಕ್ರೀಡಾಕೂಟದಲ್ಲಿ ಮೂರು ಚಿನ್ನ ಗೆದ್ದ ಕೆಲವೇ ದಿನಗಳಲ್ಲಿ ಜರ್ಮನಿಗೆ ಮಾರಾಟವಾಯಿತು. ಬೆಲೆಯನ್ನು ಯಾರೂ ಅಧಿಕೃತವಾಗಿ ಹೇಳಲಿಲ್ಲ, ಪತ್ರಿಕೆಗಳು ಒಂದು ಕೋಟಿ ಯೂರೋ ಸಮೀಪವೆಂದು ಬರೆದವು. ಓಟದ ಕುದುರೆಯಲ್ಲಿ ಜನ ಭರವಸೆಯನ್ನು ಕೊಳ್ಳುತ್ತಾರೆ, ಸವಾರಿಯ ಕುದುರೆಯಲ್ಲಿ ಸಾಧನೆಯನ್ನು.

ಭರವಸೆಯ ಕಥೆ ಏನಾಗುತ್ತದೆಂಬುದಕ್ಕೆ ದಿ ಗ್ರೀನ್ ಮಂಕಿ ಎಂಬ ಕುದುರೆಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ. 2006ರ ಫೆಬ್ರವರಿಯಲ್ಲಿ ಫ್ಲಾರಿಡಾದಲ್ಲಿ ಹರಾಜಿಗೆ ಮುನ್ನ ಅದು ಒಂದು ಫರ್ಲಾಂಗನ್ನು (ಸುಮಾರು 200 ಮೀಟರ್) 9.8 ಸೆಕೆಂಡಿನಲ್ಲಿ ಓಡಿತು. ನೋಡುತ್ತಿದ್ದವರಿಗೆ ಅಷ್ಟೇ ಸಾಕಾಯಿತು; ಎರಡು ಬಣಗಳ ಹಟದಲ್ಲಿ ಬೆಲೆ 1.6 ಕೋಟಿ ಡಾಲರ್‌ಗೆ ಹೋಗಿ ನಿಂತಿತು. ಅದು ಜೀವಮಾನದಲ್ಲಿ ಓಡಿದ್ದು ಮೂರು ಬಾರಿ, ಗೆದ್ದದ್ದು ಒಮ್ಮೆಯೂ ಇಲ್ಲ, ಗಳಿಸಿದ್ದು 10,440 ಡಾಲರ್. ಇತ್ತ 1975ರಲ್ಲಿ 17,500 ಡಾಲರ್‌ಗೆ ಮಾರಾಟವಾದ ಸಿಯಾಟಲ್ ಸ್ಲೂ 1977ರಲ್ಲಿ ಅಮೆರಿಕದ ತ್ರಿವಳಿ ಕಿರೀಟವನ್ನು, ಅಂದರೆ ಮೂರು ವರ್ಷದ ಕುದುರೆಗಳ ಮೂರು ಹೆಸರಾಂತ ಓಟಗಳನ್ನು, ಒಂದೂ ಸೋಲಿಲ್ಲದೆ ಗೆದ್ದಿತು. ಆಸ್ಟ್ರೇಲಿಯಾದ ಬ್ಲ್ಯಾಕ್ ಕೇವಿಯರ್‌ಗೆ ಕೊಟ್ಟದ್ದು 2,10,000 ಆಸ್ಟ್ರೇಲಿಯನ್ ಡಾಲರ್, ಅದು ಓಡಿದ 25 ಓಟಗಳನ್ನೂ ಗೆದ್ದಿತು. ಜಪಾನಿನ ಡೀಪ್ ಇಂಪ್ಯಾಕ್ಟ್ 7 ಕೋಟಿ ಯೆನ್‌ಗೆ ಮಾರಾಟವಾದದ್ದು, ಆ ಹರಾಜಿನ ಮಟ್ಟಿಗೆ ಅದು ದೊಡ್ಡ ಬೆಲೆಯೇನೂ ಆಗಿರಲಿಲ್ಲ. ಹಾಗೆಂದು ಅಗ್ಗದ್ದೇ ಗೆಲ್ಲುತ್ತದೆಂದು ಯಾರೂ ಹೊರಡಬಾರದು: ಅಗ್ಗಕ್ಕೆ ಕೊಂಡು ಸೋತ ಸಾವಿರಾರು ಕುದುರೆಗಳ ಹೆಸರು ನಮಗೆ ಗೊತ್ತೇ ಇಲ್ಲ.

ಪ್ರಶ್ನೆ: ಇಲ್ಲಿನ ಶ್ರೀಮಂತರು ಅರಬ್ಬೀ ಕುದುರೆಯನ್ನು ಪೋಲೆಂಡ್‌ನಿಂದ ತರಿಸುತ್ತಾರೆಂದು ಕೇಳಿ ಆಶ್ಚರ್ಯವಾಯಿತು. ಇದು ನಿಜವೇ?
– ಕನ್ನಡಿಗರೊಬ್ಬರು, ಅಬುಧಾಬಿ

ಉತ್ತರ: ನಿಜ. ಮರುಭೂಮಿಯಿಂದ ಕೊಂಡೊಯ್ದ ಕುದುರೆಗಳ ವಂಶವನ್ನು ಪೋಲೆಂಡ್ ಸರ್ಕಾರಿ ಫಾರಂಗಳಲ್ಲಿ ಕಟ್ಟುನಿಟ್ಟಾದ ದಾಖಲೆಯೊಂದಿಗೆ ಕಾಪಾಡಿಕೊಂಡು ಬಂದಿದೆ. ಅವುಗಳಲ್ಲಿ ಹೆಸರಾದ ಯಾನುವ್ ಪೊದ್ಲಾಸ್ಕಿ 1817ರಲ್ಲಿ ಆರಂಭವಾದದ್ದು. ಅಲ್ಲಿನ ಬೇಸಿಗೆಯ ಹರಾಜಿನಲ್ಲಿ 2015ರಲ್ಲಿ ಪೆಪಿಟಾ ಎಂಬ ಹೆಣ್ಣುಕುದುರೆ 14 ಲಕ್ಷ ಯೂರೋಗೆ ಹೋಯಿತು. ಸೊಸೆಯಾಗಿ ಹೋದವಳ ಮೊಮ್ಮಗಳನ್ನು ತವರಿನವರೇ ಮತ್ತೆ ತೆರ ಕೊಟ್ಟು ಕರೆತಂದಂತೆ.

ಬೆಲೆ ಹೋಲಿಸುವವರು ಅರಬ್ಬೀ ತಳಿಯ ವಿಷಯದಲ್ಲಿ ಇಸವಿಯನ್ನೂ ನೋಡಬೇಕು. 1980ರ ದಶಕದ ಅಮೆರಿಕದಲ್ಲಿ ಈ ಕುದುರೆಗಳ ಮೇಲಿನ ಹೂಡಿಕೆಯ ನಷ್ಟವನ್ನು ಬೇರೆ ಆದಾಯದಲ್ಲಿ ತೋರಿಸಿ ತೆರಿಗೆ ಉಳಿಸಬಹುದಾಗಿತ್ತು. ಆ ಹುಚ್ಚಿನಲ್ಲಿ ಪೋಲೆಂಡಿನ ಎಲ್ ಪಾಸೊ ಎಂಬ ಗಂಡನ್ನು 1981ರಲ್ಲಿ 10 ಲಕ್ಷ ಡಾಲರ್ ಕೊಟ್ಟು ಕೊಂಡರು, ಮುಂದೆ ಬೆಲೆಗಳು ಇನ್ನೂ ಏರಿದವು. 1986ರ ತೆರಿಗೆ ಸುಧಾರಣಾ ಕಾಯಿದೆ ಆ ಅನುಕೂಲವನ್ನು ತೆಗೆದುಹಾಕಿದೊಡನೆ ಮಾರುಕಟ್ಟೆ ಕುಸಿಯಿತು. ಕುದುರೆಗಳು ಹಿಂದಿನ ವರ್ಷದವೇ, ಕಾಲು ಕಿವಿ ಎಲ್ಲ ಹಾಗೆಯೇ ಇದ್ದವು.

ಪ್ರಶ್ನೆ: ಮಹಾರಾಷ್ಟ್ರದ ಸಾರಂಗಖೇಡಾ ಜಾತ್ರೆಯಲ್ಲಿ ಮಾರ್ವಾಡಿ ಕುದುರೆ ನೋಡಿ ಬಂದೆ. ಒಂದೇ ಎತ್ತರದ ಎರಡು ಕುದುರೆಗಳ ಬೆಲೆಯಲ್ಲಿ ಹತ್ತು ಪಟ್ಟು ಅಂತರ. ಇದಕ್ಕೇನು ಲೆಕ್ಕ?
– ಓದುಗರೊಬ್ಬರು, ವಿಜಯಪುರ

ಉತ್ತರ: ತಾಪಿ ನದಿಯ ದಂಡೆಯಲ್ಲಿ ದತ್ತ ಜಯಂತಿಗೆ ಸೇರುವ ಆ ಜಾತ್ರೆಯಲ್ಲಿ ಬೆಲೆ ಕಟ್ಟುವುದು ಕಿವಿ, ಬಣ್ಣ ಮತ್ತು ಸುಳಿ ನೋಡಿ. ತುದಿಗಳು ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುವ ಕಿವಿ ಮಾರ್ವಾಡಿಯ ಗುರುತು. ಅಪ್ಪಟ ಬಿಳಿಯ ನುಕ್ರಾಗೆ ಮದುವೆಯ ಮೆರವಣಿಗೆಯವರಿಂದ ಬೇಡಿಕೆ, ನಾಲ್ಕು ಕಾಲೂ ಹಣೆಯೂ ಬಿಳಿಯಿರುವ ಪಂಚಕಲ್ಯಾಣಿಗೆ ಶುಭವೆಂಬ ನಂಬಿಕೆ. ಕುತ್ತಿಗೆಯ ಮೇಲಿನ ‘ದೇವಮನ್’ ಸುಳಿ ಇದ್ದರೆ ಬೆಲೆ ಏರುತ್ತದೆ, ಕೆಟ್ಟದೆನ್ನುವ ಸುಳಿಯಿದ್ದರೆ ಎಷ್ಟೇ ಚೆಂದದ ಕುದುರೆಯೂ ಸಂಜೆಯವರೆಗೆ ನಿಂತೇ ಇರುತ್ತದೆ. ಎತ್ತು ಕೊಳ್ಳುವಾಗ ಸುಳಿ ನೋಡುವ ನಮ್ಮ ರೈತರಿಗೆ ಇದು ಹೊಸದಲ್ಲ. ಸುಳಿಯ ದೋಷದಿಂದ ಓಟವಾಗಲಿ ಆಯಸ್ಸಾಗಲಿ ಕಡಿಮೆಯಾಗದು ಎಂದು ನಂಬುವವರಿಗೆ ಅಂಥ ಕುದುರೆಯೇ ಜಾತ್ರೆಯ ಲಾಭದ ವ್ಯಾಪಾರ. ಮಾರುವಾಗ ನಿಮಗೂ ಅದೇ ಸುಳಿ ಅಡ್ಡಬರುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಪ್ರಶ್ನೆ: ವಿಜಯನಗರದ ಅರಸರು ಹೊರದೇಶದ ಕುದುರೆಗಳಿಗೆ ಎಷ್ಟು ಕೊಡುತ್ತಿದ್ದರು?
– ಓದುಗರೊಬ್ಬರು, ಹೊಸಪೇಟೆ

ಉತ್ತರ: 1530ರ ದಶಕದಲ್ಲಿ ವಿಜಯನಗರದಲ್ಲಿದ್ದ, ತಾನೂ ಕುದುರೆ ವ್ಯಾಪಾರ ಬಲ್ಲವನಾಗಿದ್ದ ಪೋರ್ಚುಗೀಸ್ ಬರಹಗಾರ ನ್ಯೂನಿಜ್, ಅರಸ ವರ್ಷಕ್ಕೆ ಪರ್ಷಿಯಾ ಕೊಲ್ಲಿಯ ಬಂದರು ಹಾರ್ಮುಜ್‌ನವೂ ನಾಡತಳಿಯವೂ ಸೇರಿ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದೂ ಒಳ್ಳೆಯವನ್ನು ತನ್ನ ಲಾಯಕ್ಕಿಟ್ಟುಕೊಂಡು ಉಳಿದವನ್ನು ನಾಯಕರಿಗೆ ಕೊಡುತ್ತಿದ್ದನೆಂದೂ ಬರೆದಿದ್ದಾನೆ. ಬೆಲೆಯ ಬಗ್ಗೆ ಅವನು ಸಾಳುವ ನರಸಿಂಹನ ಕಾಲದ ಒಂದು ಮಾತನ್ನು ದಾಖಲಿಸುತ್ತಾನೆ: ಸಾವಿರ ಪರ್ದಾವ್ ಚಿನ್ನದ ನಾಣ್ಯಕ್ಕೆ ಮೂರು ಕುದುರೆ.

ನಮ್ಮ ಇಂದಿನ ವಿಷಯಕ್ಕೆ ಇದಕ್ಕಿಂತ ಮುಖ್ಯವಾದದ್ದು ಅದರ ಜೊತೆಗಿದ್ದ ಷರತ್ತು. ಸಮುದ್ರಯಾನದಲ್ಲಿ ಕುದುರೆಗಳು ಸಾಯುವುದು ಸಾಮಾನ್ಯವಾಗಿತ್ತು, ಆ ನಷ್ಟಕ್ಕೆ ಹೆದರಿ ವ್ಯಾಪಾರಿಗಳು ಬರದೇ ಹೋದರೆ ಸೈನ್ಯಕ್ಕೆ ಕುದುರೆಯಿಲ್ಲ. ಆದ್ದರಿಂದ ನರಸಿಂಹ ಬದುಕಿ ಬಂದದ್ದಕ್ಕೂ ಸತ್ತದ್ದಕ್ಕೂ ಅದೇ ಬೆಲೆ ಕೊಡುತ್ತಿದ್ದ, ದಾರಿಯಲ್ಲಿ ಸತ್ತ ಕುದುರೆಯ ಬಾಲವೊಂದನ್ನು ತಂದು ತೋರಿಸಿದರೆ ಸಾಕಿತ್ತು. ಇಂದಿನ ಹರಾಜಿನಲ್ಲೂ ಸುತ್ತಿಗೆ ಬಿದ್ದ ಕ್ಷಣದಿಂದ ಕುದುರೆಯ ಹೊಣೆ ಕೊಂಡವರದ್ದೇ. ಲಾಯದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಅದು ಸತ್ತರೂ ಹಣವನ್ನು ಪೂರ್ತಿ ಕೊಡಬೇಕು. ಚಿಕ್ಕಮಗಳೂರಿನ ಓದುಗರ ಹಾಳೆಯಲ್ಲಿ ವಿಮೆಗೆ ಒಂದು ಕಾಲಂ ಇರಲಿಲ್ಲವಾದರೆ ಸೇರಿಸಿಕೊಳ್ಳಲಿ.