ಬೇಗ ಬೆಳೆಯುವ ಮರ ಬೀರು, ಕಪಾಟಿಗೆ ಆಗುತ್ತದಾ? ಏಳೆಂಟು ವರ್ಷಕ್ಕೆ ಕಡಿಯಬಹುದಾ?

ಆಗುತ್ತದೆ, ಖಂಡಿತ ನೆಡಿ. ಆದರೆ ದಯವಿಟ್ಟು ಏಳೆಂಟು ವರ್ಷಕ್ಕೆ ಕಡಿಯಬೇಡಿ.

ನಾನು ಹೆಬ್ಬೇವನ್ನು ಏಳನೇ ವರ್ಷಕ್ಕೇ ಕಡಿಸಿದೆ. ಬುಡ ಒಳ್ಳೆ ದಪ್ಪಗಿತ್ತು. ಹಲಗೆ ಕೊಯ್ಸಿ ಒಣಗಿಸಿದಾಗ ಅರ್ಧಕ್ಕರ್ಧ ತಿರುಚಿಕೊಂಡವು. ಕಪಾಟಿನ ಬಾಗಿಲು ಚೌಕಟ್ಟಿಗೆ ಕೂರಲೇ ಇಲ್ಲ. ಜಾತಿಯೇ ಸರಿಯಿಲ್ಲ ಅಂದುಕೊಂಡಿದ್ದೆ. ನಿಜವಾಗಿ ತಪ್ಪಿದ್ದು ವಯಸ್ಸು.

ಯಾವ ಮರವೇ ಆಗಲಿ, ಮೊದಲ ಕೆಲವು ವರ್ಷ ಕಾಂಡದ ನಟ್ಟನಡುವಿನ ತಿರುಳಿನ ಸುತ್ತ ಕಟ್ಟುವುದು ಎಳೆಯ ಮರ. ಜಾತಿಗೆ ತಕ್ಕಂತೆ ಇದು ಸುಮಾರು 5ರಿಂದ 20 ವರ್ಷ. ಬಲಿತ ಮರ ಒಣಗುವಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ತೀರಾ ಕಡಿಮೆ. ಎಳೆಯದು ಉದ್ದದಲ್ಲೂ ಕುಗ್ಗುತ್ತದೆ. ಒಂದೇ ಹಲಗೆಯಲ್ಲಿ ಒಂದು ಅಂಚು ಎಳೆಯದು, ಇನ್ನೊಂದು ಬಲಿತದ್ದು ಇದ್ದರೆ ಅದು ಬಾಗಲೇಬೇಕು, ಅಲ್ವಾ?

ಬೇಗ ಬೆಳೆದದ್ದೆಲ್ಲ ಟೊಳ್ಳು ಎಂಬ ಮಾತು ಪೂರ್ತಿ ನಿಜವಲ್ಲ. ಪೈನ್ ಅವಸರದಲ್ಲಿ ಬೆಳೆದರೆ ಹಗುರಾಗುತ್ತದೆ, ಹೌದು. ತೇಗಕ್ಕೆ ಹಾಗಿಲ್ಲ, ಬೇಗ ದಪ್ಪವಾದ ಮಾತ್ರಕ್ಕೆ ಅದರ ಬಲ ಹೋಗುವುದಿಲ್ಲ. ಚೇಗು, ಅಂದರೆ ಕಾಂಡದ ಒಳಗಿನ ಬಲಿತ ಗಾಢ ಬಣ್ಣದ ಮರ, ಕಟ್ಟಲು ಮಾತ್ರ ಸಮಯ ಬೇಕು. ಹೊರಗಿನ ಬಿಳಿ ಮರದಲ್ಲಿ ಪಿಷ್ಟ ಜಾಸ್ತಿ, ಹುಳಕ್ಕೆ ಅದೇ ಊಟ.

ಕಾಯುವ ವರ್ಷಗಳಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ ರೆಂಬೆ ಸವರುವುದು. ಕಾಂಡ ಸುಮಾರು 10 ಸೆಂ.ಮೀ. ದಪ್ಪ ಇರುವಾಗಲೇ ಕೆಳಗಿನ ರೆಂಬೆ ತೆಗೆಯಿರಿ. ಗಂಟುಗಳೆಲ್ಲ ಆ ಒಳಭಾಗದಲ್ಲೇ ಉಳಿಯುತ್ತವೆ. ಅದು ಹೇಗೂ ಎಳೆಯ ಮರ, ಬೀರುವಿಗೆ ಬೇಡದ್ದು. ಆಮೇಲೆ ಸುತ್ತ ಕಟ್ಟುವುದು ಗಂಟಿಲ್ಲದ ಮರ. ರೆಂಬೆಯ ಬುಡದಲ್ಲಿ ಸ್ವಲ್ಪ ಉಬ್ಬಿದ ಕೊರಳಿರುತ್ತದೆ. ಅದಕ್ಕೆ ಗಾಯ ಮಾಡದೆ, ಅದರ ಹೊರಗೆ ಕೊಯ್ಯಿರಿ. ಆಗ ಗಾಯ ಬೇಗ ಮುಚ್ಚುತ್ತದೆ. ಒಂದೇ ಸಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹಸಿರು ತೆಗೆಯಬೇಡಿ.

ಮೊದಲು ಹತ್ತಿರ ಹತ್ತಿರ ನೆಡಿ, ಕಾಂಡ ನೆಟ್ಟಗೆ ಏಳುತ್ತದೆ. ಆಮೇಲೆ ಸೊಟ್ಟ, ಸೊರಗಿದ ಮರ ತೆಗೆದು ಉಳಿದವಕ್ಕೆ ಜಾಗ ಕೊಡಿ. ಹೆಬ್ಬೇವಾದರೆ ಹಾಗೆ ತೆಗೆದದ್ದು ಪ್ಲೈವುಡ್‌ಗೆ ಹೋಗುತ್ತದೆ.

ಕಡಿದ ದಿನವೇ ದಿಮ್ಮಿಯ ಎರಡೂ ತುದಿಗೆ ಮೇಣ ಅಥವಾ ಪೇಂಟ್ ಬಳಿಯಿರಿ, ಸೀಳು ಬಿಡುವುದು ಕಡಿಮೆಯಾಗುತ್ತದೆ. ಹಲಗೆಗಳ ನಡುವೆ ರೀಪು ಇಟ್ಟು ನೆರಳಲ್ಲಿ ಜೋಡಿಸಿ, ಮೇಲೆ ಭಾರ ಹೇರಿ. 25 ಮಿ.ಮೀ. ಹಲಗೆಗೆ ಒಂದು ವರ್ಷ ಬೇಕು ಅಂತ ಇಟ್ಟುಕೊಳ್ಳಿ. ತಿರುಳು ಬಂದ ಹಲಗೆ ಎಷ್ಟೇ ಚೆಂದ ಕಂಡರೂ ಬಾಗಿಲಿಗೆ ಹಾಕಬೇಡಿ.