ವಯೋಮಿಂಗ್ ಬಯಲಲ್ಲಿ ಪ್ರಾಂಗ್‌ಹಾರ್ನ್ ಹತ್ತಿರ ಹೋಗೋದು ಹೇಗೆ?

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಜಿಂಕೆಯಂಥ ಪ್ರಾಣಿ ಪ್ರಾಂಗ್‌ಹಾರ್ನ್ ಬೇಟೆಗೆ ಮೊದಲ ಸಲ ಡ್ರಾನಲ್ಲಿ (ಲಾಟರಿಯಲ್ಲಿ) ಟ್ಯಾಗ್, ಅಂದರೆ ಬೇಟೆಯ ಪರವಾನಗಿ, ಸಿಕ್ಕಿದೆ, ಆದರೆ ಒಂದು ಮರವೂ ಇಲ್ಲದ ಬಯಲಲ್ಲಿ ಪ್ರಾಂಗ್‌ಹಾರ್ನ್ ಹತ್ತಿರ ಹೋಗೋದು ಹೇಗೆ ಅಂತ ಕೇಳಿದ್ದೀರಿ. ದೂರದಿಂದ ನೋಡಿದರೆ ಬಯಲು ಚಪ್ಪಟೆ ಅನಿಸುತ್ತದೆ, ನಡೆದರೆ ತುಂಬ ತಗ್ಗುದಿಬ್ಬ. ಆ ತಗ್ಗುಗಳೇ ನಿಮಗಿರುವ ಮರೆ.

ಈ ಪ್ರಾಣಿಯ ಕಣ್ಣು ದೊಡ್ಡದು, ತಲೆಯ ಪಕ್ಕದಲ್ಲಿರೋದರಿಂದ ತಿರುಗದೆಯೇ ಸುತ್ತಲಿನ ಬಹುಪಾಲು ಕಾಣುತ್ತದೆ, ಹೆದರಿದರೆ ಗಂಟೆಗೆ 80 ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತದೆ. ಹಾಗಾಗಿ ಮೊದಲು ನೀವು ಅದನ್ನು ನೋಡಬೇಕು. ಬೆಳಕು ಹರಿಯುವ ಹೊತ್ತಿಗೆ ದಿಬ್ಬದ ಮೇಲಿರಿ, ಆದರೆ ನೆತ್ತಿಯಲ್ಲಿ ಕೂರಬೇಡಿ, ಆಕಾಶಕ್ಕೆ ಎದುರಾಗಿ ನಿಮ್ಮ ಆಕಾರ ಎದ್ದು ಕಾಣುತ್ತದೆ. ಸ್ವಲ್ಪ ಕೆಳಗೆ ಕೂತು, ಬೈನಾಕ್ಯುಲರನ್ನು ಟ್ರೈಪಾಡ್‌ಗೆ ಹಾಕಿ ನಿಧಾನಕ್ಕೆ ನೋಡುತ್ತಾ ಹೋಗಿ. ಅವುಗಳ ಹಿಂಭಾಗದ ಬಿಳಿ ಬಣ್ಣ ಎಳೆಬಿಸಿಲಿಗೆ ದೂರದಿಂದಲೇ ಹೊಳೆಯುತ್ತದೆ. ಬಿಸಿಲೇರಿದ ಮೇಲೆ ಝಳಕ್ಕೆ ಎಲ್ಲ ಅಲುಗಾಡುತ್ತದೆ, ಕಣ್ಣಿಗೆ ಸುಮ್ನೆ ಆಯಾಸ.

ಕಂಡ ಕೂಡಲೇ ಹೊರಡಬೇಡಿ. ಮೇಯುತ್ತಾ ಎತ್ತ ಹೋಗುತ್ತಿದೆ, ಎಲ್ಲಿ ಮಲಗುತ್ತದೆ ಅಂತ ನೋಡಿ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ಗಮನಿಸಿ, ಆಮೇಲೆ ಯಾವುದಾದರೂ ಒಣಹಳ್ಳ ಹಿಡಿದು ಪೂರ್ತಿ ಮರೆಯಲ್ಲೇ ಹೋಗಿ, ಒಂದು ಮೈಲಿ ಸುತ್ತಾದರೂ ಪರವಾಗಿಲ್ಲ. ಕೊನೆಗೆ ತೆವಳಲೇಬೇಕು. ನೆಲದಲ್ಲಿ ಪಾಪಾಸುಕಳ್ಳಿ ಇರುತ್ತದೆ, ಚರ್ಮದ ಗ್ಲೌಸ್ ಮತ್ತು ಮೊಣಕಾಲಿಗೆ ಪ್ಯಾಡ್ ಹಾಕಿಕೊಳ್ಳಿ. ಹಿಂಡಿನಲ್ಲಿ ಒಂದು ತಲೆಯೆತ್ತಿ ನಿಮ್ಮ ಕಡೆ ನೋಡಿದರೆ ಅದು ಮತ್ತೆ ಮೇಯುವವರೆಗೂ ಅಲುಗಾಡಬೇಡಿ.

ಹೊಸಬರು ಜಾಸ್ತಿ ಗಮನಿಸದ ಜಾಗ ಬೇಲಿ. ಪ್ರಾಂಗ್‌ಹಾರ್ನ್ ಬೇಲಿ ಹಾರೋದು ಕಡಿಮೆ, ಕೆಳಗಿನ ತಂತಿಯಡಿ ನುಸುಳುತ್ತದೆ. ತಂತಿಗೆ ಕೂದಲು ಸಿಕ್ಕಿಕೊಂಡು ಕೆಳಗೆ ಮಣ್ಣು ಸವೆದಿದ್ದರೆ ಅದು ಅವುಗಳ ದಾರಿ. ಸೆಪ್ಟೆಂಬರ್ ಮಧ್ಯದಿಂದ ಬೆದೆ ಶುರುವಾದರೆ ಗಂಡು ತನ್ನ ಹೆಣ್ಣುಗಳನ್ನು ಸುಲಭವಾಗಿ ಬಿಟ್ಟುಹೋಗಲ್ಲ, ಬೆದರಿ ಓಡಿದರೂ ಎಷ್ಟೋ ಸಲ ಅಲ್ಲಿಗೇ ವಾಪಸ್ ಬರುತ್ತದೆ. ಗಾಡಿಯಲ್ಲಿ ಅಟ್ಟಿಸಿಕೊಂಡು ಹೋಗೋದು, ಓಡುವ ಹಿಂಡಿಗೆ ಗುಂಡು ಹಾರಿಸೋದು ಎರಡೂ ಬೇಡವೇ ಬೇಡ. ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತದೆ.

ದಕ್ಷಿಣ ವಯೋಮಿಂಗ್‌ನಲ್ಲಿ ರೈಲು ಹಳಿಯ ಆಚೀಚೆ ಒಂದು ಚದರ ಮೈಲಿ ಸರ್ಕಾರದ್ದು, ಪಕ್ಕದ್ದು ಖಾಸಗಿ, ಹೀಗೆ ಚದುರಂಗದ ಮನೆಗಳಂತೆ ಜಮೀನಿದೆ. ಗಡಿ ತೋರಿಸುವ ಆ್ಯಪ್ ಇಟ್ಟುಕೊಳ್ಳಿ, ಖಾಸಗಿ ಜಮೀನಾದರೆ ಮಾಲೀಕರನ್ನು ಕೇಳಿಯೇ ಕಾಲಿಡಿ. ಬಂದೂಕಿನ ಸೀಸನ್‌ನಲ್ಲಿ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಕಡ್ಡಾಯ.

ಮಾಂಸ ಚೆನ್ನಾಗಿರಲ್ಲ ಅಂತ ಕೆಲವರು ಹೇಳುತ್ತಾರೆ, ಬಿಸಿಲಲ್ಲಿ ಹಾಗೇ ಬಿಟ್ಟರೆ ಕೆಡದೆ ಇರುತ್ತಾ? ಕೂಡಲೇ ಚರ್ಮ ಸುಲಿದು ತಣ್ಣಗಾಗಿಸಿ. ಐಸನ್ನು ಹೊರಡುವ ಮೊದಲೇ ಕೂಲರ್ ತುಂಬ ಹಾಕಿಕೊಂಡು ಹೋಗಿ, ಆ ಕಡೆ ಅಂಗಡಿಗಳು ತುಂಬ ದೂರ.